ಮೊದಲ ಪಟ್ಟೆ

ತಾಳವಾಡಿಯ ನನ್ನ ಶೆಡ್ಡಿಗೆ ಆ ಲಾರಿ ಬಂದದ್ದು
ಎಡಗಾಲು ಎಳೆಯುವ ಎತ್ತಿನ ಹಾಗೆ.
ಹಿಂದಿನ ಕಮಾನಿನ ಮೊದಲ ಪಟ್ಟೆ ಎರಡು ತುಂಡು,
ಮೇಲೆ ಒಂಬತ್ತು ಟನ್ನು ಕೋಸು,
ಕೋಸಿನ ಮೇಲೆ ಕಂತುತ್ತಿದ್ದ ಬಿಸಿಲು.

ಡ್ರೈವರು ಆರುಚ್ಚಾಮಿ, ಅಂದಿಯೂರು ಕಡೆಯವನು.
ಕನ್ನಡ ಬರುತ್ತದೆ ಅನ್ನುತ್ತಾನೆ,
ಬರುವುದು ಬೈಗುಳ, ಮತ್ತೆ ಊಟದ ಲೆಕ್ಕ.
"ಬೆಳಿಗ್ಗೆ ಆರಕ್ಕೆ ಗೇಟು ತೆಗೀತಾರೆ ಅಣ್ಣ,
ದಿಂಬಂ ಇಳೀಬೇಕು. ಕೋಸು ತಡೆಯಲ್ಲ."

ತಡೆಯದ್ದು ನನಗೂ ಒಂದಿತ್ತು.
ಅರಿಶಿನಕ್ಕೆ ಗೊಬ್ಬರ ಕೊಟ್ಟು ಮಣ್ಣು ಏರಿಸಿಯಾಗಿತ್ತು,
ಇವತ್ತು ನೀರು ಕಾಣದಿದ್ದರೆ ಆ ಗೊಬ್ಬರವೇ ಬೇರು ಸುಡುತ್ತದೆ.
ತ್ರೀಫೇಸು ಕರೆಂಟು ರಾತ್ರಿ ಹನ್ನೊಂದಕ್ಕೆ.
ಹೆಂಡತಿ ತಂಗಿಯ ಬಾಣಂತನಕ್ಕೆ ಹಾಸನೂರಿಗೆ ಹೋಗಿದ್ದಳು.
ಒಬ್ಬನೇ ಮನುಷ್ಯ ಒಂದೇ ರಾತ್ರಿ
ಲಾರಿಯಡಿ ಅಂಗಾತ ಮಲಗಿ
ಹೊಲದಲ್ಲಿ ಬಗ್ಗಿ ನಿಲ್ಲಲಾರ.
ಹಾಗೆಂದು ಹೇಳಿದೆ, ಅಷ್ಟೆ.
ಅವನು ಬೀಡಿ ನೆಲಕ್ಕೆ ಒತ್ತಿ
"ಗುದ್ದಲಿ ಎಲ್ಲಿದೆ?" ಅಂದ.

ಹನ್ನೊಂದು ವರ್ಷವಾಗಿತ್ತಂತೆ ಗುದ್ದಲಿ ಹಿಡಿದು.
ಹುಡುಗ ಕಾಳಮಾದನನ್ನು ಜೊತೆಗೆ ಕಳಿಸಿದೆ:
ಹುಣಸೆಮರದ ಎಡಕ್ಕೆ ಮೋಟಾರು ಮನೆ,
ಮೊದಲ ಸಾಲಿಂದ ಶುರು ಮಾಡಿ;
ಕಾಡಂಚಿನಲ್ಲಿ ಕೊಂಬೆ ಮುರಿದ ಸದ್ದು ಕೇಳಿದರೆ
ಗುದ್ದಲಿ ಅಲ್ಲೇ ಬಿಟ್ಟು ಒಳಗೆ ಸೇರಿಕೊಳ್ಳಿ,
ದೊಡ್ಡವರ ಹತ್ತಿರ ಪೌರುಷ ಬೇಡ.

ಆಮೇಲೆ ನಾನು, ಒಂಬತ್ತು ಟನ್ನಿನ ಕೆಳಗೆ.
ಚಕ್ರಕ್ಕೆ ಕಲ್ಲು ಕೊಟ್ಟೆ. ಜಾಕಿಯ ಅಡಿಗೆ ಹಲಗೆ,
ಆ ಹಲಗೆಯಡಿಗೆ ಇನ್ನೊಂದು.
ನೆಲವನ್ನು ನಂಬುವುದು ರೈತನ ಕೆಲಸ,
ಮೆಕ್ಯಾನಿಕ್ಕಿನದಲ್ಲ.
ಯೂ ಬೋಲ್ಟಿನ ನಟ್ಟುಗಳಿಗೆ ಸೀಮೆಎಣ್ಣೆ ಕುಡಿಸಿ ಕಾದೆ,
ಸ್ಪಾನರಿಗೆ ಕೊಳವೆ ಸಿಕ್ಕಿಸಿ ಮೈಭಾರ ಬಿಟ್ಟೆ.
ಮೂರು ಬಿಟ್ಟವು.
ನಾಲ್ಕನೆಯದಕ್ಕೆ, ಅಪ್ಪ ಹೋರಿಗೆ ಹೇಳುತ್ತಿದ್ದ
ಮಾತುಗಳನ್ನೆಲ್ಲ ಹೇಳಬೇಕಾಯಿತು.
ಉಳಿ, ಸುತ್ತಿಗೆ, ಮುಂಗೈಗೆ ಸಿಡಿದ ಬಿಸಿ ಚೂರು.

ಅಷ್ಟರಲ್ಲಿ ದೂರದಲ್ಲಿ ನಮ್ಮ ಮೋಟಾರು ನರಳಿತು.
ಬೇರಿಂಗು ಸವೆದಿದೆ, ಗೊತ್ತು.
ಊರ ಗಾಡಿಗಳಿಗೆಲ್ಲ ಹೊಸದು ಹಾಕುವವನಿಗೆ
ತನ್ನದಕ್ಕೆ ಹಾಕಲು ಎರಡು ಬೇಸಿಗೆ ಸಾಲಲಿಲ್ಲ.

ಮುರಿದ ಪಟ್ಟೆಯ ಬಾಯಿಗೆ ಟಾರ್ಚು ಹಿಡಿದೆ.
ಅರ್ಧ ಕಪ್ಪು, ಅರ್ಧ ಬೆಳ್ಳಿ.
ಬೆಳ್ಳಿಯದು ಇವತ್ತು ಮುರಿದದ್ದು.
ಕಪ್ಪು ಎಂದೋ ಬಿರಿದದ್ದು.
ಎಷ್ಟು ಟ್ರಿಪ್ಪು ಈ ಅರ್ಧದಲ್ಲೇ ಹೊತ್ತಿತ್ತೋ
ಯಾರಿಗೂ ಹೇಳದೆ!
ಸುಮ್ಮನೆ ಸ್ವಲ್ಪ ಹೊತ್ತು ಅದನ್ನು ಎದೆಯ ಮೇಲಿಟ್ಟುಕೊಂಡು
ಮಲಗಿದ್ದೆ. ತಣ್ಣಗಿತ್ತು.

ಈರೋಡಿನಿಂದ ತರಿಸಿಟ್ಟ ಹೊಸ ಪಟ್ಟೆ ಕೂರಿಸಿದೆ.
ಎಂಟು ಪಟ್ಟೆಗಳ ನಡುವೆ
ಕಿರುಬೆರಳಷ್ಟು ಒಂದು ಬೋಲ್ಟು ತೂರಿ ಬಿಗಿದಾಗ
ಕೋಳಿ ಕೂಗಿತು, ಅಥವಾ ಜಾಕಿ ಕಿರುಗುಟ್ಟಿತು.

ಐದಕ್ಕೆ ಬಂದ ಆರುಚ್ಚಾಮಿ, ಮಂಡಿವರೆಗೆ ಕೆಸರು.
ನನಗೆ ಮೊಣಕೈವರೆಗೆ ಗ್ರೀಸು.
ಟೀ ಲೋಟದ ಮೇಲೆ ಇಬ್ಬರ ಬೆರಳಿನದೂ
ಬೇರೆ ಬೇರೆ ಕಪ್ಪು.
"ನಿನ್ನ ಕಾಲುವೆ ಮೂರನೇ ಸಾಲಲ್ಲಿ ಸೋರ್ತದೆ.
ಇಲಿಬಿಲ. ಕಲ್ಲು ತುರುಕಿದೀನಿ."
"ನಿನ್ನ ಬಲಗಡೆ ಪಟ್ಟೆನೂ ಬಿರಿದಿದೆ.
ದಿಂಬಂ ಒಂದನೇ ಗೇರಲ್ಲೇ ಇಳಿ.
ಬರುವಾಗ ಇಲ್ಲಿಗೇ ಬಾ."

ಪಟ್ಟೆಯ ದುಡ್ಡು ಎಣಿಸಿಕೊಟ್ಟ.
ಕೂಲಿಗೆಂದು ಅವನು ಜೇಬಿಗೆ ಕೈ ಹಾಕಿದ,
ನಾನೂ ಹಾಕಿದೆ.
ಇಬ್ಬರೂ ಬರಿಗೈ ತೆಗೆದೆವು.
ಹೊರಡುವ ಮುಂಚೆ ಎರಡು ಕೋಸು ಕೆಳಗೆಸೆದ.

ಇಪ್ಪತ್ತೇಳು ತಿರುವು.
ಎಂಟಾಯಿತು, ಒಂಬತ್ತಾಯಿತು, ಫೋನು ಬರಲಿಲ್ಲ.
ನೆಟ್ಟಗಾದ ಗಾಡಿ ಫೋನು ಮಾಡುವುದಿಲ್ಲ,
ಹಾಗೆಂದುಕೊಂಡು ನಾನೂ ಮಾಡಲಿಲ್ಲ.
ಬಂದವಳು ಪಕ್ಕದ ಹೊಲದ ದುಂಡಮ್ಮ, ಸೆರಗು ಸಿಕ್ಕಿಸಿ:
"ಯಾವನ್ಲಾ ಅವ್ನು? ನನ್ನ ಬೆಳ್ಳುಳ್ಳಿ ಪಾತಿಗೂ
ನೀರು ಕಟ್ಟಿ ಹೋಗವ್ನೆ!"
ನಾನು ಬಾಯಿ ತೆರೆಯುವ ಮುಂಚೆಯೇ
ಬೆಂಚಿನ ಮೇಲಿದ್ದ ಒಂದು ಕೋಸು ಎತ್ತಿ ಮಡಿಲಿಗೆ ಹಾಕಿಕೊಂಡಳು.
"ಬೈಯಕ್ಕೆ ಬಂದಿಲ್ಲ ಕನ್ಲಾ.
ಚೆಂದಾಗಿ ಕಟ್ಟವ್ನೆ.
ಇನ್ನೊಂದು ಕಿತ ಯಾವಾಗ ಬತ್ತಾನೆ ಅವನ ಲಾರಿ?"